ಹೂ ಹರಿಯುವ ಮಾತು

ಕಳೆದ ದೀಪಾವಳಿಯ ಸಮಯದಲ್ಲಿ ನಾವು ನಿಲಂಗಾ ತಾಲೂಕಿನ ಒಂದು ಕನ್ನಡ ಮನೆಗೆ ಹೋಗಿದ್ದೆವು. ಅಜ್ಜಿ ಪೂಜೆಗೆ ಅಣಿಮಾಡುತ್ತಿದ್ದರು. ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದುವ ಮೊಮ್ಮಗಳು ಅಂಗಳದಿಂದಲೇ ಕೇಳಿದಳು: “ಆಯಿ, ಹೂ ತೋಡಲೇನು?”

“ತೋಡಲಿಕ್ಕೆ ಅದೇನು ಬಾವಿ ಏನವ್ವ? ಹೂ ಹರೀಬೇಕು” ಎಂದು ಅಜ್ಜಿ ನಕ್ಕರು.

ಮರಾಠಿಯ ‘ತೋಡಣೆ’ ಎಂದರೆ ಮುರಿಯುವುದು, ಕೀಳುವುದು. ನಮ್ಮಲ್ಲಿ ತೋಡುವುದೆಂದರೆ ಅಗೆಯುವುದು. ಹುಡುಗಿ ತಬ್ಬಿಬ್ಬಾಗಿ, “ಹರಿಯೋದು ಅಂಗಿ ಅಲ್ಲೇನು?” ಎಂದು ಮರುಪ್ರಶ್ನೆ ಹಾಕಿದಳು. ಆ ಮನೆಯಿಂದ ಹೊರಬಿದ್ದ ಮೇಲೂ ಅವಳ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ಅಂಗಿ ಹರಿಯುತ್ತದೆ, ಹಗ್ಗ ಹರಿಯುತ್ತದೆ. ನೀರೂ ಹರಿಯುತ್ತದೆ, ಹಾವೂ ಹರಿಯುತ್ತದೆ. ಬೆಳಕು ಹರಿದರೆ ದಿನದ ಆರಂಭ, ಸಾಲ ಹರಿದರೆ ಒಕ್ಕಲಿಗನಿಗೆ ನಿದ್ರೆ, ತಂಟೆ ಬಗೆಹರಿದರೆ ಓಣಿಗೆಲ್ಲ ನೆಮ್ಮದಿ. ಋಣ ಹರಿಯಿತೆಂದರೆ ಮಾತ್ರ ಮುಂದೆ ಮಾತಿಲ್ಲ. ಮೈಸೂರಿನ ಕಡೆ ಹೂ ಕೀಳುತ್ತಾರೆ ಅಥವಾ ಬಿಡಿಸುತ್ತಾರೆ, ಕರಾವಳಿಯಲ್ಲಿ ಕೊಯ್ಯುತ್ತಾರೆ, ನಮ್ಮ ಕಡೆ ಹರಿಯುತ್ತಾರೆ. ಪುಸ್ತಕದ ಕನ್ನಡ ಕಲಿತ ಕೆಲವರು ಇದನ್ನು ಹಳ್ಳಿಯ ಮಾತೆಂದು ತಿದ್ದಹೋಗುವುದುಂಟು. ತಿದ್ದಿಕೊಳ್ಳಬೇಕಾದವರು ಅವರೇ.

ಏಕೆಂದರೆ ಹಳಗನ್ನಡದಲ್ಲಿ ಇವು ಒಂದಲ್ಲ, ಎರಡು ಧಾತುಗಳು. ‘ಪರಿ’ ಎಂದರೆ ಓಡು, ಪ್ರವಹಿಸು. ಶಕಟರೇಫವುಳ್ಳ ‘ಪಱಿ’ ಎಂದರೆ ಕಡಿ, ಸೀಳು, ಕೀಳು. ಬಂಡಿಯಕ್ಷರವೆಂದು ಕರೆಯಲಾಗುವ ಆ ‘ಱ’ ಕಾಲಕ್ರಮದಲ್ಲಿ ಬಳಕೆಯಿಂದ ಮರೆಯಾಗಿ ಸಾಮಾನ್ಯ ರೇಫದಲ್ಲಿ ಕರಗಿತು, ಪಕಾರವು ಹಕಾರವಾಯಿತು, ಎರಡೂ ಧಾತುಗಳು ಒಂದೇ ‘ಹರಿ’ಯಲ್ಲಿ ಬಂದು ಕೂಡಿದವು. ಅದೇ ಮಾರ್ಪಾಟಿನಿಂದ ‘ಪೂ’ ಹೂವಾದದ್ದು. ತಮಿಳರು ಇಂದಿಗೂ ‘ಪೂ ಪಱಿ’ ಎನ್ನುತ್ತಾರೆ. ನಿಲಂಗೆಯ ಅಜ್ಜಿಯ ‘ಹೂ ಹರಿ’ ಅದರ ಒಡಹುಟ್ಟು ಎಂಬುದನ್ನು ವಾಚಕರು ಗಮನಿಸಬೇಕು.

ಈ ಮಾತಿನ ಪೂರ್ಣ ವೈಭವವನ್ನು ಕಾಣಬೇಕಾದರೆ ಜ್ಯೇಷ್ಠದ ಕಾರಹುಣ್ಣಿಮೆಗೆ ಬರಬೇಕು. ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆ ಅಗಸಿಯ ಮುಂದೆ ಓಡಿಸುತ್ತಾರೆ. ಅಡ್ಡಲಾಗಿ ಬೇವಿನ ಸೊಪ್ಪು ಕಟ್ಟಿದ ಹಗ್ಗವನ್ನು ಹರಿಯುವುದೇ ‘ಕರಿ ಹರಿಯುವುದು’. ಬಿಳಿಯೆತ್ತು ಮೊದಲು ಹರಿದರೆ ಹಿಂಗಾರಿ ಚೆನ್ನ, ಕೆಂದೆತ್ತು ಹರಿದರೆ ಮುಂಗಾರಿ ಚೆನ್ನ ಎಂಬುದು ಒಕ್ಕಲಿಗರ ಎಣಿಕೆ. ಉದಗೀರಿನ ನೆರೆಯ ದೇವಣಿಯು ತನ್ನ ಹೆಸರಿನ ದನದ ತಳಿಗೆ ಪ್ರಸಿದ್ಧವಾದದ್ದು. ಇಂಥ ಸೀಮೆಯಲ್ಲಿ ಎತ್ತಿನ ಹಬ್ಬಕ್ಕೆ ಕಳೆ ಕಡಿಮೆಯಾದೀತೆ? ಮಹಾರಾಷ್ಟ್ರದ ಬಹುಭಾಗ ಶ್ರಾವಣದ ಅಮಾವಾಸ್ಯೆಗೆ ಪೋಳಾ ಆಚರಿಸಿದರೆ, ಗಡಿಯ ಮರಾಠಿಗರು ‘ಕಾರಹುಣವಿ’ ಎಂದು ನಮ್ಮ ಹಬ್ಬವನ್ನು ನಮ್ಮ ಹೆಸರಿನಿಂದಲೇ ಕರೆಯುತ್ತಾರೆ. ಕೊಟ್ಟು ತೆಗೆದುಕೊಳ್ಳುವುದು ಒಂದೇ ದಿಕ್ಕಿನಲ್ಲಿ ನಡೆದಿಲ್ಲ.

ನಮ್ಮ ಸೀಮೆಯೂ ಹರಿದದ್ದೇ. ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆ 1956ರ ನವೆಂಬರ್ 1ರಂದು ಮೂರು ರಾಜ್ಯಗಳಿಗೆ ಹರಿದು ಹಂಚಿಹೋಯಿತು. ಬೀದರ, ಭಾಲ್ಕಿ, ಹುಮನಾಬಾದಗಳು ಮೈಸೂರಿಗೆ. ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ. ನಿಲಂಗಾ, ಉದಗೀರ, ಅಹಮದಪುರಗಳು ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ. ಉಮರ್ಗಾ ಮೊದಲೇ ಆ ಜಿಲ್ಲೆಯಲ್ಲಿತ್ತು. 1982ರಲ್ಲಿ ಲಾತೂರ ಜಿಲ್ಲೆಯಾದಾಗ ನಿಲಂಗಾ, ಉದಗೀರಗಳು ಅತ್ತ ಹೋದವು, ಉಮರ್ಗಾ ಇತ್ತ ಉಳಿಯಿತು. ಮಾಂಜರಾ ನದಿ ಮಾತ್ರ ನಿಲಂಗಾ ತಾಲೂಕಿನಲ್ಲಿ ತೇರಣಾವನ್ನು ಕೂಡಿಸಿಕೊಂಡು, ಬೀದರ ಸೀಮೆಯನ್ನು ಹಾದು, ತೆಲಂಗಾಣದಲ್ಲಿ ಗೋದಾವರಿ ಸೇರುವವರೆಗೆ ಇನ್ನೊಂದು ಅರ್ಥದಲ್ಲಿ ಹರಿಯುತ್ತಲೇ ಇದೆ.

ಮಕ್ಕಳು ಮರಾಠಿ ಕಲಿಯುವುದು ಅವಶ್ಯ. ಅನ್ನದ ದಾರಿಯೂ ಅದೇ. ಅಂಗಿಗೆ ‘ಫಾಟಣೆ’, ಹೂವಿಗೆ ‘ತೋಡಣೆ’, ನೀರಿಗೆ ‘ವಾಹಣೆ’ ಎಂದು ಅವರು ಶಾಲೆಯಲ್ಲಿ ಚೆನ್ನಾಗಿಯೇ ಕಲಿಯುತ್ತಾರೆ. ‘ಹರಿ’ಯನ್ನು ಕಲಿಸಲು ಮನೆಯ ಹೊರತು ಬೇರೆ ಸ್ಥಳವಿಲ್ಲ, ಬಹಳ ಮನೆಗಳಲ್ಲಿ ಅಜ್ಜಿಯ ಹೊರತು ಬೇರೆ ಗುರುಗಳೂ ಇಲ್ಲ. ತಂದೆತಾಯಿಗಳೇ ಮಕ್ಕಳೊಡನೆ ಮರಾಠಿಯಾಡುವ ಮನೆಗಳನ್ನು ಉದಗೀರಿನಲ್ಲಿಯೂ ಉಮರ್ಗೆಯಲ್ಲಿಯೂ ನಾವು ಕಂಡಿದ್ದೇವೆ.

ಅಂದು ಹುಡುಗಿ ಬುಟ್ಟಿಯ ತುಂಬ ಚೆಂಡುಹೂ ತಂದಳು. ಬೇಲಿಯ ಮುಳ್ಳಿಗೆ ತೋಳು ಸಿಕ್ಕಿತ್ತು. “ಆಯಿ, ಹೂ ಹರಿದೆ, ಅಂಗೀನೂ ಹರೀತು” ಎಂದಳು. ಅಜ್ಜಿ ಬೈಯಲಿಲ್ಲ.