ಗಾಳ ಎತ್ತಿಟ್ಟ ಭೀಮೇಶ್ವರಿ

ರಾಗಿ ಹಿಟ್ಟನ್ನು ಗಟ್ಟಿಯಾಗಿ ಕಲಸಬೇಕು. ಕೈಗೆ ಅಂಟುವಷ್ಟು ನೀರು ಬಿದ್ದರೆ ಕೆಲಸ ಕೆಟ್ಟಿತು. ಕಲಸಿದ್ದನ್ನು ಉಂಡೆ ಕಟ್ಟಿ ಕುದಿಯುವ ನೀರಿಗೆ ಬಿಟ್ಟು, ಒಳಗಿನವರೆಗೆ ಬೇಯಿಸಿ, ಬಿಸಿ ಆರುವ ಮೊದಲೇ ಹೊರಗೆ ತೆಗೆದು ಮತ್ತೆ ನಾದಬೇಕು. ನಾದಿದಷ್ಟೂ ಅದು ರಬ್ಬರಿನ ಹಾಗೆ ಬಿಗಿಯಾಗುತ್ತದೆ. ಆ ಬಿಗಿ ಬರದಿದ್ದರೆ ಹೊಳೆಯ ಚಿಳ್ಳೆಪಿಳ್ಳೆ ಮೀನುಗಳು ಅದನ್ನು ಕ್ಷಣದಲ್ಲಿ ಕುಟುಕಿ ಮುಗಿಸುತ್ತವೆ. ಬಂದರೆ ಉಂಡೆ ನೀರಿನ ತಳದಲ್ಲಿ ಕುಳಿತು ಕಾಯುತ್ತದೆ. ನಿಂಬೆಹಣ್ಣಿನಷ್ಟು ಸಾಕು, ದೊಡ್ಡ ಮಡುವಾದರೆ ಕಿತ್ತಳೆಯಷ್ಟು. ಮಧ್ಯದಲ್ಲಿ ಗಾಳದ ಕೊಕ್ಕೆ ಹುದುಗಿರುತ್ತದೆ, ಮೊನೆ ಮಾತ್ರ ಹೊರಗೆ. ಕೆಲವರು ಅದಕ್ಕೆ ಇಂಗು, ಸೋಂಪು ಸೇರಿಸುತ್ತಿದ್ದರು; ಯಾರು ಏನು ಬೆರೆಸುತ್ತಾರೆ ಎಂಬುದು ಪಕ್ಕದವನಿಗೂ ತಿಳಿಯದ ಗುಟ್ಟು.

ಇದನ್ನು ನನಗೆ ಹೇಳಿದವರು ಮಂಡ್ಯ ಜಿಲ್ಲೆಯ ಹಲಗೂರು ಕಡೆಯ ಒಬ್ಬ ಹಿರಿಯರು. ನಾನು ಚಿಂಚೋಳಿಯ ಕಡೆಯವನು. ಜೋಳದ ರೊಟ್ಟಿ, ತೊಗರಿ ಬೇಳೆಯ ನಾಡಿನಲ್ಲಿ ಬೆಳೆದ ನನಗೆ ಮುದ್ದೆಯೇ ದೂರದ ಊಟ. ಅದೇ ರಾಗಿಯನ್ನು ತಿನ್ನಲು ಐವತ್ತು ಕಿಲೋ ತೂಗುವ ಮೀನೊಂದು ಬರುತ್ತಿತ್ತು, ಆ ಮೀನನ್ನು ನೋಡಲು ಇಂಗ್ಲೆಂಡಿನಿಂದ ಜನ ಬರುತ್ತಿದ್ದರು ಎಂದು ಕೇಳಿದಾಗ, ಆ ಜಾಗವನ್ನು ಕಂಡೇ ಬರಬೇಕು ಅನ್ನಿಸಿತು. ಹೀಗೆ ಒಂದು ಉಂಡೆ ರಾಗಿಯ ಹಿಂದೆ ಹೊರಟು ನಾನು ತಲುಪಿದ್ದು ಭೀಮೇಶ್ವರಿಗೆ.

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಮೇಕೆದಾಟಿನ ಇಕ್ಕಟ್ಟಿಗೆ ಸೇರುವ ಮೊದಲು ಕಾಡಿನ ನಡುವೆ ಹರಿಯುತ್ತದೆ. ದಡದುದ್ದಕ್ಕೂ ಹೊಳೆಮತ್ತಿಯ ಭಾರೀ ಮರಗಳು, ಅವುಗಳ ಮೇಲೆ ಬೂದು ಬಣ್ಣದ ದೊಡ್ಡ ಅಳಿಲು, ನೀರಲ್ಲಿ ಮೊಸಳೆ ಮತ್ತು ನೀರುನಾಯಿ, ಬೇಸಿಗೆಯಲ್ಲಿ ನೀರಿಗೆ ಇಳಿಯುವ ಆನೆ. ಡಾ. ರಾಜ್‌ಕುಮಾರ್ ಅವರಿಗೆ ಮುತ್ತುರಾಜ ಎಂಬ ಹುಟ್ಟುಹೆಸರು ಬರಲು ಕಾರಣನಾದ ಮುತ್ತತ್ತಿಯ ಆಂಜನೇಯನ ಗುಡಿ ಇರುವುದೂ ಇದೇ ದಂಡೆಯಲ್ಲಿ. ಈ ಹರಿವಿನಲ್ಲಿ ದೊಡ್ಡಮಾಕಳಿ, ಭೀಮೇಶ್ವರಿ, ಗಾಳಿಬೋರೆ ಎಂಬ ಮೂರು ಬಿಡಾರಗಳಿದ್ದವು. ಡೇರೆ, ಮರದ ಮೇಲಟ್ಟಿನ ಮನೆ, ಅಡುಗೆಯವರು, ತೆಪ್ಪಗಳು. ಚಳಿಗಾಲ ಬಂತೆಂದರೆ ಗಾಳ ಹಿಡಿದವರು ಬಂದಿಳಿಯುತ್ತಿದ್ದರು. ರಾಗಿ ತಿನ್ನಲು ಬರುತ್ತಿದ್ದ ಆ ದೊಡ್ಡ ಮೀನಿನ ಹೆಸರು ಮಹಸೀರ್. ಅದರ ಬೇಟೆಯ ಜಗತ್ತಿನಲ್ಲಿ ಭೀಮೇಶ್ವರಿ ಎಂಬ ಹೆಸರಿಗೆ ವಿಳಾಸ ಬೇಕಿರಲಿಲ್ಲ.

ಕಾವೇರಿಯ ಮಹಸೀರ್‌ಗೆ ಬೆನ್ನ ಮೇಲೆ ಡುಬ್ಬವಿದೆ, ರೆಕ್ಕೆಗೆ ಕಿತ್ತಳೆ ಬಣ್ಣ. ತುಟಿ ದಪ್ಪ, ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಏಡಿ, ಬಸವನಹುಳು, ಹೊಳೆಗೆ ಉದುರಿದ ಅತ್ತಿಹಣ್ಣು ಎಲ್ಲವೂ ಅಲ್ಲಿ ಪುಡಿಯಾಗುತ್ತವೆ. ಮೀನು ಉಂಡೆ ಮುಟ್ಟಿದ್ದು ಹೇಗೆ ತಿಳಿಯುತ್ತದೆಂದು ಹೇಳುವಾಗ ಹಿರಿಯರು ತೋರುಬೆರಳನ್ನು ಎತ್ತಿ ತೋರಿಸಿದರು. ಕಣ್ಣು ಬೇಡವಂತೆ, ದಾರ ಬೆರಳ ಮೇಲಿದ್ದರೆ ಸಾಕು.

“ಸಣ್ಣ ಮೀನಾದ್ರೆ ಟಕಟಕ ಅಂತ ಕುಟ್ತದೆ ಸಾ. ಏಡಿಯಾದ್ರೆ ಎಳೆದೂ ಎಳೆಯದಂಗೆ ಸುಮ್ಕೆ ಜಗ್ತದೆ. ದೊಡ್ಡದು ಮೊದ್ಲು ಬಾಯಲ್ಲಿ ಮುಟ್ಟಿ ನೋಡ್ತದೆ. ದಾರ ಒಂದೇ ಒಂದು ಕಿತ ಅದುರ್ತದೆ. ಆವಾಗ ಕೈ ಅಲ್ಲಾಡಿಸ್ಬಾರ್ದು, ಉಸಿರೂ ಬಿಡ್ಬಾರ್ದು. ಆಮೇಕೆ ಹೊರಟ್ತು ಅಂದ್ರೆ ಹೊರಟ್ತು, ನಿಲ್ಸಾಕಾಗಾಕಿಲ್ಲ.”

ಹೊರಟ ಮೀನು ರಭಸವಿರುವ ಕಡೆಗೆ, ಕೆಳಗಿನ ಬಂಡೆಗಳ ಕಡೆಗೆ ನುಗ್ಗುತ್ತದೆ. ಬಂಡೆಯ ಸಂದಿಗೆ ಹೊಕ್ಕು ದಾರ ತುಂಡರಿಸುವುದು ಅದರ ಉಪಾಯ. ಆಗ ಗಾಳ ಹಿಡಿದವನನ್ನು ತೆಪ್ಪಕ್ಕೆ ಹತ್ತಿಸಿಕೊಂಡು, ಒಂದೇ ಹುಟ್ಟಿನಲ್ಲಿ ಸುಳಿಗಳ ನಡುವೆ ಮೀನಿನ ಹಿಂದೆ ಹೋಗುವುದು ಈ ಹಿರಿಯರಂಥವರ ಕೆಲಸವಾಗಿತ್ತು. ಹೊರದೇಶದವರು ಇಂಥ ಸಹಾಯಕರನ್ನು ಗಿಲ್ಲಿ ಎಂದು ಕರೆಯುತ್ತಿದ್ದರು, ಊರಿನವರ ಬಾಯಲ್ಲೂ ಅದೇ ಉಳಿಯಿತು. ಯಾವ ಮಡುವಿನ ತಳದಲ್ಲಿ ಎಂಥ ಬಂಡೆಯಿದೆ, ಶಿವನಸಮುದ್ರದಿಂದ ನೀರು ಹೆಚ್ಚು ಬಿಟ್ಟರೆ ಮೀನು ಎಲ್ಲಿಗೆ ಸರಿಯುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ದಣಿದ ಮೀನನ್ನು ನೀರಿನಲ್ಲೇ ಹಿಡಿದು ನಿಂತು, ಅದು ಮತ್ತೆ ಸರಿಯಾಗಿ ಉಸಿರಾಡುವ ತನಕ ಕಾಯುತ್ತಿದ್ದರು. ಒಂದು ಚಿತ್ರ ತೆಗೆದು, ತೂಕ ಬರೆದುಕೊಂಡು ಬಿಟ್ಟುಬಿಡುತ್ತಿದ್ದರು. ಹಿಡಿದ ಮೀನನ್ನು ತಿನ್ನುವಂತಿರಲಿಲ್ಲ. ಬಿಡಾರದ ಕಟ್ಟುನಿಟ್ಟಿನ ನಿಯಮ ಅದು.

ಇತಿಹಾಸವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಭಾರತದ ಗಾಳದ ಮೀನುಗಳ ಬಗ್ಗೆ ಒಂದು ಪುಸ್ತಕ ಬರೆದು ಮಹಸೀರನ್ನು ಇಂಗ್ಲೆಂಡಿಗೆ ಪರಿಚಯಿಸಿದರು. ಪ್ರಾಣಿಗಳ ಚರ್ಮ ತುಂಬುವ ಕಲೆಗೆ ಹೆಸರಾದ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಸೀರ್ ಹಿಡಿದರು. ಗಾಳಕ್ಕೆ ಸಿಕ್ಕ ಮಹಸೀರ್‌ಗಳಲ್ಲಿ ದಾಖಲೆಯೆಂದು ಇಂದಿಗೂ ಹೇಳುವುದು ಅದನ್ನೇ. ಸ್ವಾತಂತ್ರ್ಯದ ನಂತರ ಈ ಮೀನು ಅಳಿದೇ ಹೋಯಿತೆಂದು ಹೊರಗಿನವರು ಭಾವಿಸಿದ್ದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೂವರು ಯುವಕರು ಹುಡುಕುತ್ತಾ ಬಂದು ಕಾವೇರಿಯಲ್ಲಿ ಭಾರೀ ಮೀನುಗಳನ್ನು ಹಿಡಿದು ತೋರಿಸಿದರು. ಅಷ್ಟು ಹೊತ್ತಿಗೆ 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘ, ಅಂದರೆ ವಾಸಿ, ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾಯತೊಡಗಿತ್ತು. 1980ರಲ್ಲಿ ಹುಟ್ಟಿದ ಸರಕಾರದ ಜಂಗಲ್ ಲಾಡ್ಜಸ್ ಮುಂದೆ ಭೀಮೇಶ್ವರಿಯಲ್ಲಿ ನೆಲೆ ಕಂಡಿತು. ಟಿವಿಯಲ್ಲಿ ಭಯಂಕರ ಮೀನುಗಳ ಹಿಂದೆ ಓಡುವ ಜೆರೆಮಿ ವೇಡ್ ಕೂಡ ಈ ಹೊಳೆಯಲ್ಲಿ ಪಳಗಿದವರೇ.

ಇದಕ್ಕಿಂತ ನನಗೆ ದೊಡ್ಡದಾಗಿ ಕಂಡ ಸಂಗತಿ ಬೇರೆ. ಈ ಗಿಲ್ಲಿಗಳಲ್ಲಿ ಹಲವರು ಮೊದಲು ತೋಟೆ ಎಸೆದು ಮೀನು ಹಿಡಿಯುತ್ತಿದ್ದವರು. ಕಲ್ಲು ಒಡೆಯುವ ಮದ್ದನ್ನು ಮಡುವಿಗೆ ಎಸೆದರೆ ಒಂದೇ ಸದ್ದಿಗೆ ಮರಿಯಿಂದ ಹಿಡಿದು ಮುದಿ ಮೀನಿನವರೆಗೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತವೆ. ಕೆಲವರು ಆ ಮದ್ದಿಗೆ ಬೆರಳು, ಕೈ ಕಳೆದುಕೊಂಡದ್ದೂ ಉಂಟು. ಅವರನ್ನು ಕರೆದು, ಸತ್ತ ಮೀನಿಗೆ ಸಿಗುವ ಕಾಸಿಗಿಂತ ಬದುಕಿದ ಮೀನಿಗೆ ಹೆಚ್ಚು ಸಂಬಳ ಕೊಟ್ಟಾಗ ಅವರೇ ಕಾವಲುಗಾರರಾದರು. ರಾತ್ರಿ ಯಾವ ಮಡುವಿಗೆ ಯಾರು ಇಳಿಯಬಹುದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಭಾಷಣವಿಲ್ಲದೆ, ಫಲಕವಿಲ್ಲದೆ ನಡೆದ ಈ ಬದಲಾವಣೆಯನ್ನು ಕರ್ನಾಟಕದ ಸಂರಕ್ಷಣೆಯ ಕತೆಯಲ್ಲಿ ನಾವು ಇನ್ನೂ ಹೆಚ್ಚು ಗೌರವದಿಂದ ಹೇಳಬೇಕಿತ್ತು.

ಭೀಮೇಶ್ವರಿಯ ಗಾಳವನ್ನು ಕೊನೆಗೆ ನಿಲ್ಲಿಸಿದ್ದು ಕಾಯ್ದೆಯ ಓದು. 1987ರಲ್ಲಿ ಈ ಕಾಡು ಕಾವೇರಿ ವನ್ಯಜೀವಿಧಾಮವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ. ಹಿಡಿದು ಬಿಟ್ಟರೂ ಹಿಡಿದದ್ದು ಹಿಡಿದದ್ದೇ ಎಂಬ ವಾದ ಗೆದ್ದಿತು. 2012ರ ನಂತರ ಗಾಳಗಳು ನೀರಿಗೆ ಇಳಿಯಲಿಲ್ಲ.

ಆ ವಾದದಲ್ಲಿ ನ್ಯಾಯವಿದೆ. ಹೊಟ್ಟೆಪಾಡಿಗೆ ಬಲೆ ಬೀಸುವ ಬೆಸ್ತನನ್ನು ತಡೆಯುವ ಅಭಯಾರಣ್ಯದಲ್ಲಿ, ದುಡ್ಡು ಕೊಟ್ಟವನಿಗೆ ಗಾಳ ಹಾಕಲು ಬಿಡುವುದು ಹೇಗೆ? ತುಟಿಗೆ ಕೊಕ್ಕೆ ಸಿಕ್ಕಿಸಿ ಅರ್ಧಗಂಟೆ ಎಳೆದಾಡುವುದು ಮೀನಿಗೆ ಹಿಂಸೆಯಲ್ಲವೇ? ಶೃಂಗೇರಿಯಲ್ಲಿ, ಶಿಶಿಲದಲ್ಲಿ, ರಾಮನಾಥಪುರದಲ್ಲಿ ಇದೇ ಬಳಗದ ಮೀನುಗಳನ್ನು ದೇವರ ಮೀನೆಂದು ಅಕ್ಕಿ ಹಾಕಿ ಸಾಕಿದ ನಾಡು ನಮ್ಮದು; ಇಲ್ಲಿ ಈ ಪ್ರಶ್ನೆ ಏಳುವುದು ಸಹಜ. ನನ್ನ ಬಳಿ ಅದಕ್ಕೆ ಸುಲಭದ ಉತ್ತರವಿಲ್ಲ. ಆದರೆ ಗಾಳ ನಿಂತಾಗ ಇನ್ನೊಂದು ವಸ್ತುವೂ ಮುಚ್ಚಿಹೋಯಿತು, ಅದು ರಿಜಿಸ್ಟರ್.

ಗಾಳಿಬೋರೆಯಲ್ಲಿ ಹಿಡಿದ ಪ್ರತಿ ಮೀನಿನ ದಿನ, ತೂಕ, ಗಾಳ ಹಾಕಿ ಕೂತ ಹೊತ್ತು ಎಲ್ಲವನ್ನೂ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಪುಟಗಳನ್ನು ಮೀನು ವಿಜ್ಞಾನಿಗಳಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಕೂತು ಓದಿದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ ಅದರಲ್ಲಿತ್ತು. 2015ರಲ್ಲಿ ಅವರು ಪ್ರಕಟಿಸಿದ ಸಂಗತಿ ಎದೆ ನಡುಗಿಸುವಂಥದು: ಒಟ್ಟು ಮೀನುಗಳ ಸಂಖ್ಯೆ ಏರುತ್ತಿತ್ತು, ಆದರೆ ಡುಬ್ಬದ ಮಹಸೀರ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಸಿಕ್ಕ ಡುಬ್ಬದ ಮೀನುಗಳ ಸರಾಸರಿ ತೂಕ ಮಾತ್ರ ಹೆಚ್ಚುತ್ತಾ ಹೋಗಿತ್ತು. ಅಂದರೆ ಹಳೆಯವು ಮುದಿಯಾಗುತ್ತಿವೆ, ಮರಿಗಳು ಬರುತ್ತಿಲ್ಲ. ಹೊಳೆಯಲ್ಲಿ ತುಂಬಿಕೊಂಡಿದ್ದು ನೀಲಿ ರೆಕ್ಕೆಯ ಇನ್ನೊಂದು ಮಹಸೀರ್, ಖುದ್ರೀ.

ಈ ಖುದ್ರೀ ಎಲ್ಲಿಯದು ಎಂದು ಕೇಳಿದಾಗ ನಾನು ಬೆಚ್ಚಿದೆ. ಅದು ನಮ್ಮ ಕಡೆಯದು. 1839ರಲ್ಲಿ ಕರ್ನಲ್ ಸೈಕ್ಸ್ ಅದನ್ನು ಮೊದಲು ವಿವರಿಸಿದ್ದು ಪುಣೆಯ ಮುಳಾ–ಮುಠಾ ನದಿಯಿಂದ. ಆ ನೀರು ಸೇರುವುದು ಭೀಮೆಗೆ. ಚಿಂಚೋಳಿಯ ಮುಲ್ಲಾಮಾರಿ ಕಾಗಿಣಾಕ್ಕೆ, ಕಾಗಿಣಾ ಭೀಮೆಗೆ. ಒಂದೇ ಬಳಗದ ನೀರು. ಲೋನಾವಳದಲ್ಲಿ ಟಾಟಾ ಕಂಪನಿಯವರು ಖುದ್ರೀ ಮರಿಗಳನ್ನು ಬೆಳೆಸುವುದು ಹೇಗೆಂದು ಕಂಡುಕೊಂಡರು. ಮಹಸೀರ್ ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಮರಿಗಳನ್ನು ಕಾವೇರಿಗೂ ಬಿಟ್ಟರು. ಭೀಮೆಯ ಮೀನು ಕಾವೇರಿಯಲ್ಲಿ ಬೇರೂರಿತು, ಕಾವೇರಿಯದೇ ಆದ ಮೀನು ಬದಿಗೆ ಸರಿಯಿತು. ಅಣೆಕಟ್ಟು, ಮರಳು ಎತ್ತುವುದು, ತೋಟೆ ಇವೂ ಸೇರಿಕೊಂಡವು.

ನೂರೈವತ್ತು ವರ್ಷ ಜಗತ್ತು ಕೊಂಡಾಡಿದ ಆ ಡುಬ್ಬದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ. 2007ರಲ್ಲಿ ಕೇರಳದ ಪಾಂಬಾರ್ ನದಿಯಿಂದ ವಿವರಿಸಿದ್ದ ಟಾರ್ ರೆಮಾದೇವಿಯೇ ಇದು ಎಂದು ಖಚಿತವಾಯಿತು. ಪರೀಕ್ಷೆಗೆ ಮೀನು ಸಿಕ್ಕಿದ್ದು ತಮಿಳುನಾಡಿನ ಮೋಯಾರ್ ನದಿಯಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಅತಿ ಗಂಭೀರ ಪಟ್ಟಿಗೆ ಸೇರಿತು. ಹುಲಿ, ಆನೆಗಳಿಗಿಂತಲೂ ಮೇಲಿನ ಅಪಾಯದ ದರ್ಜೆ ಅದು.

ಕಾವೇರಿಯ ಮೀನು ಕೈಜಾರುತ್ತಿದೆ ಎಂದು ನಮಗೆ ಹೇಳಿದ್ದು ಮೋಜಿಗೆ ಬಂದವರ ಗಾಳದ ಲೆಕ್ಕ. ಅದನ್ನು ಬರೆಸಿದವರು ಗಿಲ್ಲಿಗಳು. ಆ ಲೆಕ್ಕ ನಿಂತ ಮೇಲೆ ಗಾಳಿಬೋರೆಯ ಮಡುಗಳಲ್ಲಿ ಡುಬ್ಬದ ಮೀನು ಎಷ್ಟಿದೆ, ಇದೆಯೇ ಎಂದು ದಿನದಿನವೂ ನೋಡಿ ಹೇಳುವ ಕಣ್ಣು ಅಲ್ಲಿಲ್ಲ. ಹಿಡಿದು ಬಿಡುವ ಗಾಳ ಮಹಸೀರ್ ಉಳಿವಿಗೆ ನೆರವಾಗಬಲ್ಲದು ಎಂದು ಪಿಂಡರ್ ಮತ್ತು ರಾಘವನ್ 2013ರಲ್ಲೇ ವಾದಿಸಿದ್ದರು. ಮೋಜಿನ ಗಾಳ ಮತ್ತೆ ಬರಲಿ ಎಂದು ನಾನು ಹೇಳಲಾರೆ. ಆದರೆ ಅರಣ್ಯ ಇಲಾಖೆಯ ಅಡಿಯಲ್ಲೇ, ವಿಜ್ಞಾನಿಗಳ ಜೊತೆ, ವರ್ಷಕ್ಕೆ ಕೆಲವು ದಿನ ಹಳೆಯ ಗಿಲ್ಲಿಗಳ ಕೈಯಿಂದ ಮೀನುಗಳ ಎಣಿಕೆ ನಡೆಸಲು ಯಾವ ಅಡ್ಡಿ? ಹುಲಿ ಗಣತಿಗೆ ಕಾಡಿನ ಹೆಜ್ಜೆ ಬಲ್ಲವರು ಬೇಕಾದರೆ ಮೀನಿನ ಗಣತಿಗೆ ಮಡು ಬಲ್ಲವರು ಬೇಡವೇ? ಈ ಪ್ರಶ್ನೆ ನನ್ನ ಊರಿಗೂ ಸೇರಿದ್ದು. ನಮ್ಮ ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು, 134.88 ಚದರ ಕಿಲೋಮೀಟರ್. ಅದರೊಳಗೆ ಚಂದ್ರಂಪಳ್ಳಿ ಜಲಾಶಯವಿದೆ, ತಾಂಡಾಗಳಿವೆ, ಯಾವ ಗಿಡ ಯಾವ ನೋವಿಗೆಂದು ತಿಳಿದ ಮುದುಕಿಯರಿದ್ದಾರೆ. ಕಾಡಿಗೆ ಬೇಲಿ ಹಾಕುವಾಗ ಬಲ್ಲವರು ಬೇಲಿಯ ಆಚೆಗೆ ಉಳಿದುಬಿಟ್ಟಾರೆಂಬ ಆತಂಕ ನನಗೆ ಭೀಮೇಶ್ವರಿಯಲ್ಲಿ ಇನ್ನಷ್ಟು ಗಟ್ಟಿಯಾಯಿತು.

ಭೀಮೇಶ್ವರಿ ಈಗಲೂ ತೆರೆದಿದೆ. ಬೆಂಗಳೂರಿನ ಹುಡುಗ ಹುಡುಗಿಯರು ವಾರಾಂತ್ಯಕ್ಕೆ ಬಂದು ಹಗ್ಗದ ಮೇಲೆ ಜಾರುತ್ತಾರೆ, ದೋಣಿ ಹುಟ್ಟು ಹಾಕುತ್ತಾರೆ, ನಗುತ್ತಾ ಹಿಂದಿರುಗುತ್ತಾರೆ. ಅವರ ಸಂತೋಷಕ್ಕೆ ನನ್ನ ತಕರಾರಿಲ್ಲ. ಗಿಲ್ಲಿಗಳಲ್ಲಿ ಕೆಲವರು ಬೇರೆ ಕೆಲಸ ಹಿಡಿದರು, ಕೆಲವರು ತೀರಿಕೊಂಡರು, ಕೆಲವರು ಹೊಲಕ್ಕೆ ಮರಳಿದರು.

ಮಕ್ಕಳಿಗೆ ಇದನ್ನೆಲ್ಲ ಕಲಿಸಿದ್ದೀರಾ ಯಜಮಾನ್ರೇ ಎಂದು ಹಲಗೂರಿನ ಹಿರಿಯರನ್ನು ಕೇಳಿದೆ. ಮೊಮ್ಮಗನಿಗೆ ರಾಗಿ ನಾದುವುದು ಕಲಿಸಿದ್ದಾರಂತೆ. ಹುಡುಗ ಚುರುಕು, ಉಂಡೆ ಚೆನ್ನಾಗಿ ಕಟ್ಟುತ್ತಾನೆ. “ಅದೇನೋ ಕಲಿಸ್ಬೋದು ಸಾ. ದಾರ ಅದುರೋದನ್ನ ಎಲ್ಲಿ ತೋರಿಸ್ಲಿ? ಅದು ಬೆರಳಿಗೇ ಬರ್ಬೇಕು,” ಎಂದರು.