ಮಧುಮೇಹಿಗಳ ನೇತ್ರರಕ್ಷಣೆಗೆ ವಿಟಮಿನ್ ಮಾತ್ರೆ

ಪ್ರಶ್ನೆ: ಮಧುಮೇಹವುಳ್ಳ ನನ್ನ ವೃದ್ಧ ತಂದೆಯವರಿಗೆ ಅಂಗಡಿಯಲ್ಲಿ ಮಾರುವ ‘ಕಣ್ಣಿನ ವಿಟಮಿನ್’ ಕೊಡಬಹುದೆ? — ಓದುಗರೊಬ್ಬರು, ದೊಡ್ಡಬಳ್ಳಾಪುರ

ಉತ್ತರ: ಈ ಮಾತ್ರೆಗಳ ಕೀರ್ತಿಗೆ ಮೂಲವಾದುವು ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ಆಶ್ರಯದಲ್ಲಿ ನಡೆದು 2001ರಲ್ಲಿಯೂ 2013ರಲ್ಲಿಯೂ ಪ್ರಕಟವಾದ ಎರಡು ಮಹಾಪರೀಕ್ಷೆಗಳು, ಆದರೆ ಅವು ಮುಖ್ಯವಾಗಿ ಶೋಧಿಸಿದುದು ವಾರ್ಧಕ್ಯದಿಂದ ಅಕ್ಷಿಪಟಲದ ನಡುಭಾಗವು ಕ್ಷಯಿಸುವ ವ್ಯಾಧಿಯನ್ನೇ ಹೊರತು, ಸಕ್ಕರೆಯು ಅದರ ಸೂಕ್ಷ್ಮ ರಕ್ತನಾಳಗಳನ್ನು ಶಿಥಿಲಗೊಳಿಸಿ ತಂದೊಡ್ಡುವ ಹಾನಿಯನ್ನಲ್ಲ. ಒಂದು ರೋಗಕ್ಕೆ ಹೇಳಿದ ಮದ್ದನ್ನು ಇನ್ನೊಂದಕ್ಕೆ ಮಾರುವುದು ವರ್ತಕರ ಚಾತುರ್ಯವೇ ಸರಿ. ತಂದೆಯವರು ಬೀಡಿ ಸೇದುವವರಾದರೆ ಬೀಟಾ ಕ್ಯಾರೊಟಿನ್ ಬೆರೆತ ಮಾತ್ರೆ ಬೇಡವೇ ಬೇಡ; ಧೂಮಪಾನಿಗಳಲ್ಲಿ ಅದು ಶ್ವಾಸಕೋಶದ ಅರ್ಬುದದ ಸಂಭವವನ್ನು ಹೆಚ್ಚಿಸುತ್ತದೆಂದು ತಿಳಿದುಬಂದುದರಿಂದ, ಅದರ ಸ್ಥಾನಕ್ಕೆ 10 ಮಿಲಿಗ್ರಾಂ ಲೂಟೀನೂ 2 ಮಿಲಿಗ್ರಾಂ ಜಿಯಾಕ್ಸಾಂತಿನ್ನೂ ಬಂದುವು. ಆ ಲೂಟೀನಾದರೋ ನಿಮ್ಮ ಹಿತ್ತಲಿನ ನುಗ್ಗೆ, ದಂಟಿನ ಸೊಪ್ಪುಗಳಲ್ಲಿಯೇ ಉಂಟು. ಮಸ್ಸೊಪ್ಪು ಧಾರಾಳವಾಗಿರಲಿ, ಮುದ್ದೆಯ ಗಾತ್ರ ಮಾತ್ರ ಮಿತವಾಗಿರಲಿ. ರಕ್ತದ ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟರೆ ಸೂಕ್ಷ್ಮನಾಳಗಳ ಉಪದ್ರವಗಳು ಸುಮಾರು ಶೇಕಡ 25ರಷ್ಟು ಕಡಮೆಯಾಗುವುವೆಂದು ಬ್ರಿಟನ್ನಿನ ದೀರ್ಘ ಅಧ್ಯಯನವೊಂದು 1998ರಲ್ಲಿಯೇ ತೋರಿಸಿದೆ. ಕಣ್ಣು ಮಂಜಾಗುವವರೆಗೆ ಕಾಯದೆ, ವರ್ಷಕ್ಕೊಮ್ಮೆ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಾಗಲಿ ಸಮೀಪದ ನೇತ್ರವೈದ್ಯರಲ್ಲಾಗಲಿ ಪಾಪೆ ಅರಳಿಸುವ ಹನಿ ಹಾಕಿಸಿ ಅಕ್ಷಿಪಟಲವನ್ನು ಪರೀಕ್ಷೆ ಮಾಡಿಸಿರಿ. ಆ ಬಳಿಕ ಕೆಲವು ಗಂಟೆಗಳ ಕಾಲ ದೃಷ್ಟಿ ಮಸುಕಾಗಿರುವುದರಿಂದ ಜೊತೆಗೆ ಒಬ್ಬರು ಹೋಗುವುದು ಒಳ್ಳೆಯದು.