ಕಲ್ಲಿಗೆ ಕಿವಿಗೊಟ್ಟವರು

ಕಲ್ಲು ಆರಿಸುವಾಗ ಅಪ್ಪ ಮೊದಲು ನಂಬುತ್ತಿದ್ದದ್ದು ಕಿವಿಯನ್ನು. ನಿಟ್ಟೆಯ ನಮ್ಮ ಮನೆಯಿಂದ ಹೊರಟು ನೆಲ್ಲಿಕಾರಿನ ಕಡೆಯ ಕೋರೆಗೆ ಹೋದರೆ, ಸುತ್ತಿಗೆಯ ಹಿಂಬದಿಯಿಂದ ಕಲ್ಲಿನ ಈ ತುದಿಗೊಮ್ಮೆ, ಆ ತುದಿಗೊಮ್ಮೆ, ನಡುವಿಗೊಮ್ಮೆ ತಟ್ಟುವರು. ಠಣ್ ಎಂದು ಸದ್ದು ಉದ್ದಕ್ಕೆ ಎಳೆದರೆ ಕಲ್ಲು ಮನೆಗೆ ಬರುತ್ತಿತ್ತು. ದಬ್ ಎಂದರೆ ನನ್ನ ಕಡೆ ತಿರುಗಿ, "ಕೇಳಿತಾ? ಒಳಗೆ ಒಡಕು ಉಂಟು. ಮೂಗು ಕೆತ್ತುವ ಹೊತ್ತಿಗೆ ಕೈ ಕೊಡ್ತದೆ" ಅನ್ನುವರು. ಶಿಲ್ಪಿಗಳ ಶಾಸ್ತ್ರದಲ್ಲಿ ಕಲ್ಲನ್ನು ಪುಂಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ವಿಂಗಡಿಸುವುದೂ ಬಹುಮಟ್ಟಿಗೆ ನಾದದಿಂದಲೇ. 1432ರಲ್ಲಿ ಕಾರ್ಕಳದ ಗುಡ್ಡದ ಮೇಲೆ 42 ಅಡಿಯ ಗೊಮ್ಮಟ ನಿಂತನಲ್ಲ, ಆ ಕಲ್ಲನ್ನೂ ಯಾರೋ ಹೀಗೆ ಬಡಿದು ಕೇಳಿಯೇ ಒಪ್ಪಿರಬೇಕು ಎಂದು ನಾನು ನಂಬಿದ್ದೇನೆ.

ಚಿತ್ರ ಮೊದಲೋ ಸಂಗೀತ ಮೊದಲೋ ಎಂಬ ಪ್ರಶ್ನೆ ಓದಿದಾಗಲೆಲ್ಲ ನನಗೆ ನೆನಪಾಗುವುದು ಅಪ್ಪನ ಆ ಸುತ್ತಿಗೆ. ಅದಕ್ಕೆ ಉತ್ತರ ಸಿಕ್ಕಂತೆ ಅನಿಸಿದ್ದು ಬಳ್ಳಾರಿಯ ಪಕ್ಕದ ಕಪ್ಪಗಲ್ಲಿನಲ್ಲಿ.

ಅಲ್ಲಿಯ ಹಿರೇಗುಡ್ಡ ಕಣಶಿಲೆಯ ಗುಡ್ಡ. ಅದರ ಮೈಯನ್ನು ಸೀಳಿಕೊಂಡು ಡಾಲರೈಟ್ ಎಂಬ ಕರಿಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಆ ಕರಿಬಂಡೆಗಳ ತುಂಬ ಕುಟ್ಟಿ ಮಾಡಿದ ಚಿತ್ರಗಳು. ಹೆಚ್ಚಿನವು ಉದ್ದ ಕೊಂಬಿನ, ಡುಬ್ಬದ ದನಗಳು. ನಡುನಡುವೆ ಮನುಷ್ಯರು, ಕೆಲವೆಡೆ ಸಾಲಾಗಿ ಕೈಹಿಡಿದು ನಿಂತವರು. ಬಿಸಿಲು ಮಳೆಗೆ ಕಪ್ಪಾದ ಮೇಲ್ಪದರವನ್ನು ಇನ್ನೊಂದು ಕಲ್ಲಿನಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿ ತೆಗೆದರೆ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಕಾಲ ಕಳೆದಂತೆ ಅದೂ ಮತ್ತೆ ಕಪ್ಪಾಗುತ್ತದೆ. ಅಪ್ಪ ಮೂರ್ತಿಗೆ ಗೆರೆ ಹಾಕಿದ ಮೇಲೆ ಉಳಿಯಿಂದ ಮೊದಲು ಇಡುವ ಚುಕ್ಕಿಗಳೂ ಹೀಗೆಯೇ ಇರುತ್ತಿದ್ದವು. ಕೆಲವು ಚಿತ್ರಗಳು ಎಂಥ ಕಡೆ ಇವೆಯೆಂದರೆ, ಕುಟ್ಟಿದವನು ಬಂಡೆಯ ಅಂಚಿನಿಂದ ನೇತಾಡಿಕೊಂಡೇ ಕೆಲಸ ಮಾಡಿರಬೇಕು.

ನಮ್ಮ ಜೊತೆಗೆ ಬಂದ ಆ ಕಡೆಯ ಹಿರಿಯರೊಬ್ಬರು ಒಂದು ಬಂಡೆಯ ಬಳಿ ನಿಂತರು. ಅದರ ಮೇಲೆ ಬಟ್ಟಲಿನಂಥ ನುಣುಪಾದ ಗುಳಿಗಳು. "ಇಲ್ಲಿ ಕಿವಿ ಕೊಡ್ರಿ" ಎಂದು, ಮುಷ್ಟಿಗಾತ್ರದ ಕಲ್ಲಿನಿಂದ ಗುಳಿಯೊಳಗೆ ಮೆತ್ತಗೆ ತಟ್ಟಿದರು. ದೇವಸ್ಥಾನದ ಜಾಗಟೆ! ಪಕ್ಕದ ಗುಳಿಗೆ ತಟ್ಟಿದರೆ ಸ್ವರ ಬೇರೆ. ನನ್ನ ರೋಮ ನಿಮಿರಿತು.

ಈ ಚಿತ್ರಗಳ ವಿಷಯ 1892ರಲ್ಲೇ ಫಾಸೆಟ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದಿದ್ದ. ಆಮೇಲೆ ಹೊರಗಿನ ವಿದ್ವಾಂಸರಿಗೆ ಜಾಗವೇ ಮರೆತಂತಾಯಿತು. 2004ರಲ್ಲಿ ನಿಕೋಲ್ ಬುವಾವಾಂ ಎಂಬ ಪುರಾತತ್ತ್ವಜ್ಞೆ, ಚಿತ್ರಗಳ ಜೊತೆಗೆ ಈ ನಾದದ ಕಲ್ಲುಗಳ ಬಗೆಗೂ ಲೇಖನ ಪ್ರಕಟಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಅವರ ಸಂಗಡಿಗರು ಸಂಗನಕಲ್ಲು, ಕಪ್ಪಗಲ್ಲುಗಳಲ್ಲಿ ವರ್ಷಗಟ್ಟಲೆ ಅಗೆದು ಶೋಧಿಸಿದ್ದಾರೆ. ನಾಲ್ಕೈದು ಸಾವಿರ ವರ್ಷಗಳ ಹಿಂದೆ ಇಲ್ಲಿದ್ದವರು ನವಶಿಲಾಯುಗದ ದನಗಾಹಿಗಳು. ಸೆಗಣಿಯನ್ನು ರಾಶಿ ಹಾಕಿ ಸುಟ್ಟು ಬೂದಿಯ ದಿಬ್ಬಗಳನ್ನೇ ಎಬ್ಬಿಸಿದವರು. ಇದೇ ಕರಿಕಲ್ಲನ್ನು ಒಡೆದು ಹಿರೇಗುಡ್ಡದಲ್ಲಿ ಕೊಡಲಿ ತಯಾರಿಸುತ್ತಿದ್ದವರೂ ಅವರೇ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದು. ಕೊಡಲಿಗೆ ಬೇಕಾದದ್ದು ಬಿರುಕಿಲ್ಲದ ಕಲ್ಲು. ಬಿರುಕಿಲ್ಲದ ಕಲ್ಲು ಹಾಡುತ್ತದೆ. ಕುಟ್ಟುತ್ತ ಕುಟ್ಟುತ್ತ ಕೇಳಿದವನಿಗೆ ದನದ ಕೊಂಬು ಮೂಡಿಸುವುದೂ ತಾಳ ಹಾಕುವುದೂ ಎರಡು ಕೆಲಸವಾಗಿ ತೋರಿರಲಾರದು. ಗೋಡೆಗೆ ತೂಗುವ ಚಿತ್ರ, ವೇದಿಕೆಯ ಸಂಗೀತ ಎಂದು ನಾವು ಬೇರೆ ಮಾಡಿದ್ದು ಬಹಳ ತಡವಾಗಿ.

ಕಲ್ಲು ಹಾಡುವುದಕ್ಕೆ ಮೂರು ಗುಣ ಬೇಕು: ಒತ್ತಾದ ಸಣ್ಣ ಕಣ, ಒಡಕಿಲ್ಲದ ಮೈ, ಕೆಳಗೆ ಸ್ವಲ್ಪ ಬಿಡುವು. ನೆಲದಲ್ಲಿ ಹೂತ ಕಲ್ಲಿನ ಕಂಪನವನ್ನು ಮಣ್ಣು ಹೀರಿಕೊಳ್ಳುತ್ತದೆ. ಎರಡು ಮೂರು ಕಡೆ ಮಾತ್ರ ಊರಿ ಕೂತ ಬಂಡೆ ಜಾಗಟೆಯಂತೆ ಬಿಡುಬೀಸಾಗಿ ನಡುಗುತ್ತದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ನಡುವೆ, ಎತ್ತರದ ಬಂಡೆಯ ನೆತ್ತಿಯಲ್ಲಿ ನಗಾರಿಯಾಕಾರದ ಗುಂಡೊಂದು ಕೂತಿದೆ. ಅದರ ಸದ್ದು ದೂರದವರೆಗೆ ಕೇಳುತ್ತದೆ.

ನಮ್ಮ ಉಡುಪಿ ಜಿಲ್ಲೆಯಲ್ಲೂ ಇಂಥ ಕುಟ್ಟುಚಿತ್ರಗಳಿವೆ. ಕುಂದಾಪುರದ ಕಡೆ ಗಾವಳಿ ಬಳಿಯ ಬುದ್ಧನಜೆಡ್ಡುವಿನಲ್ಲಿರುವ ಮನುಷ್ಯ, ಪ್ರಾಣಿಗಳ ಚಿತ್ರಗಳನ್ನು ಲೋಕಕ್ಕೆ ತೋರಿಸಿದವರು ಶಿರ್ವದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪ್ರೊ. ಟಿ. ಮುರುಗೇಶಿ. ಗೋವಾದ ಕುಶಾವತಿ ದಡದ ಉಸ್ಗಾಳಿಮಳದ ಚಿತ್ರಗಳಂತೆ ಇವೂ ಮುರಕಲ್ಲಿನ ಮೇಲಿನವು. ಮುರಕಲ್ಲಿನ ತುಂಬ ತೂತು, ತಟ್ಟಿದರೆ ಸದ್ದು ಅಲ್ಲೇ ಇಂಗುತ್ತದೆ. ಅಲ್ಲಿ ಕುಟ್ಟಿದವರು ಬಾಯಲ್ಲಿ ಹಾಡಿದರೋ, ತೊಗಲು ಬಾರಿಸಿದರೋ, ಕಲ್ಲಿನಲ್ಲಿ ಗುರುತು ಉಳಿಯುವುದಿಲ್ಲ.

ಹೊರಗಿನ ಲೋಕದಲ್ಲಿ ಕಾಲ ಇನ್ನೂ ಹಿಂದಕ್ಕೆ ಸರಿಯುತ್ತದೆ. ಜರ್ಮನಿಯ ಹೋಲೆ ಫೆಲ್ಸ್ ಗವಿಯಲ್ಲಿ 2008ರಲ್ಲಿ ರಣಹದ್ದಿನ ರೆಕ್ಕೆಯೆಲುಬಿನ ಕೊಳಲು ಸಿಕ್ಕಿತು. ಬೆರಳಿಗೆ ಐದು ತೂತು, ವಯಸ್ಸು ಸುಮಾರು 40,000 ವರ್ಷ. ಇಂಡೋನೇಷ್ಯಾದ ಸುಲಾವೆಸಿಯ ಗವಿಯೊಂದರಲ್ಲಿ ಹಂದಿಯ ಸುತ್ತ ನಿಂತ ಮನುಷ್ಯರ ಚಿತ್ರಕ್ಕೆ ಕನಿಷ್ಠ 51,200 ವರ್ಷ ಎಂದು 2024ರಲ್ಲಿ ಪ್ರಕಟವಾಯಿತು. ಫ್ರಾನ್ಸಿನ ಗವಿಗಳಲ್ಲಿ ಇಗೋರ್ ರೆಜ್ನಿಕೋಫ್ ಎಂಬವರು 1980ರ ದಶಕದಲ್ಲಿ ಕತ್ತಲೆಯಲ್ಲಿ ದನಿ ತೆಗೆದು ಹಾಡುತ್ತ ನಡೆದರು. ದನಿ ಚೆನ್ನಾಗಿ ಮೊಳಗುವ ಜಾಗಗಳಲ್ಲೇ ಚಿತ್ರಗಳು ಹೆಚ್ಚು ಎಂಬುದು ಅವರು ಕಂಡುಕೊಂಡ ಸಂಗತಿ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪದಿರಬಹುದು; ಕಲ್ಲುಕೆಲಸದವನ ಮಗನಾದ ನನಗೆ ಒಪ್ಪಲು ಕಷ್ಟವಾಗಲಿಲ್ಲ.

ಹಿರೇಗುಡ್ಡದ ಬಂಡೆಗಳಲ್ಲಿ ಒಂದಿಷ್ಟು ಕಲ್ಲುಗಣಿಗಾರಿಕೆಗೆ ಹೋಗಿವೆ. ಅದನ್ನು ನೋಡಿ ಸಂಕಟವಾಯಿತು. ಕಲ್ಲೊಡೆದ ಹಣದಲ್ಲೇ ನಾನು ಓದಿದವನು, ಕಲ್ಲು ಒಡೆಯಬೇಡಿ ಎನ್ನಲಾರೆ. ಆದರೆ ಸಾವಿರಾರು ವರ್ಷ ಜನ ಬಾರಿಸಿ ಬಾರಿಸಿ ಗುಳಿ ಬಿದ್ದ ಕಲ್ಲನ್ನು ಜಲ್ಲಿ ಮಾಡಬಾರದು. ಅಂಥದ್ದು ಇನ್ನೊಂದು ಸಿಗುವುದಿಲ್ಲ.

ಊರಿಗೆ ಬಂದ ಮೇಲೆ ಮೊಬೈಲಿನಲ್ಲಿ ಹಿಡಿದು ತಂದ ಸದ್ದನ್ನು ಅಪ್ಪನಿಗೆ ಕೇಳಿಸಿದೆ. ಚಿತ್ರ ತೋರಿಸಿರಲಿಲ್ಲ, ಎಲ್ಲಿಯದೆಂದೂ ಹೇಳಿರಲಿಲ್ಲ. ಸುತ್ತಿಗೆ ಬಿಟ್ಟು ಹತ್ತು ವರ್ಷ ದಾಟಿದ ಕೈಯಲ್ಲಿ ಮೊಬೈಲನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳಿದರು.

"ಕರಿಕಲ್ಲು. ದೊಡ್ಡದು. ಅಡಿಯಲ್ಲಿ ಸಂದು ಉಂಟು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಮ್ಮೆ ಹಾಕು ಮಾರಾಯ."